ಒಂದು ಸಾಲು ಜಾರಿದ ಷರಾ

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವಾಗ ಬಸ್ಸು ಒಂದರೆ ನಿಮಿಷ ನಿಂತು ಹೊರಡುವ ಊರು ಅಂದರೆ ಸಾಕು. ನಾನು ಬರೆದದ್ದರಿಂದ ಒಮ್ಮೆ ಕೇಡಾಗಿದೆ. ಇನ್ನೊಮ್ಮೆ ಆಗುವುದು ಬೇಡ.

ಅಲ್ಲಿನ ಶಾಲೆಗೆ ನೂರು ವರ್ಷ ತುಂಬುವುದಿತ್ತು. ಅದೇ ನೆಪದಲ್ಲಿ ಊರಿನ ಚರಿತ್ರೆಯನ್ನೂ ಒಂದು ಪುಸ್ತಕ ಮಾಡಿಸಬೇಕೆಂದು ಹಿರಿಯರು ಸಮಿತಿ ಕಟ್ಟಿಕೊಂಡಿದ್ದರು. ಸಮಿತಿಯ ಅಧ್ಯಕ್ಷರು ದ್ರಾಕ್ಷಿ ಬೆಳೆಗಾರರು, ಊರಿನ ದೊಡ್ಡ ಮನೆತನದವರು. ವಿಜಯಪುರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತಳಾಗಿದ್ದ ನನ್ನನ್ನು ಹುಡುಕಿಕೊಂಡು ಬಂದು, “ಮೇಡಮ್ಮರ, ನಮ್ಮೂರಾಗ ಹಿಂದ ಏನಿತ್ತು, ಯಾವ ಮನಿತನ ಎಲ್ಲಿಂದ ಬಂತು, ಎಲ್ಲಾ ಪಕ್ಕಾ ಬರೀರಿ. ಸುಳ್ಳ ಒಂದ ಅಕ್ಷರ ಬ್ಯಾಡ,” ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಇಂಥ ಪುಸ್ತಕ ಮಾಡಿಸುವವರು ಸಾಮಾನ್ಯವಾಗಿ ಹೊಗಳಿಕೆ ಕೇಳುತ್ತಾರೆ, ಸತ್ಯ ಕೇಳುವುದಿಲ್ಲ.

ಗುಡಿಯ ಶಾಸನ, ಹಳೆಯ ಬಾವಿಗಳು, ಶಾಲೆ, ಇವೆಲ್ಲ ಬೇಗ ಮುಗಿದವು. ಜನ ಕಾಯುತ್ತಿದ್ದದ್ದು ಮನೆತನಗಳ ಅಧ್ಯಾಯಕ್ಕೆ. ಅದಕ್ಕೆ ನಾನೊಂದು ಕ್ರಮ ಇಟ್ಟುಕೊಂಡೆ. ಪ್ರತಿ ಮನೆಗೂ ನಾಲ್ಕು ತಲೆಮಾರು. ಮೊದಲು ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳುವುದು, ಆಮೇಲೆ ಹೊಲದ ಪಹಣಿಯಾದ ಉತಾರಿ, ಜನನ ಮರಣದ ವಹಿ, ಶಾಲೆಯ ರಜಿಸ್ಟರು, ಈ ಮೂರರಲ್ಲಿ ಯಾವುದಾದರೂ ಒಂದರ ಜೊತೆ ಹೋಲಿಸುವುದು. ಬಾಯಿಮಾತಿಗೂ ಕಾಗದಕ್ಕೂ ತಾಳೆಯಾಗದಿದ್ದರೆ ಕಾಗದವನ್ನೇ ಹಿಡಿಯುವುದು. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಈ ನಿಯಮವನ್ನು ಬರೆದು ಕೆಳಗೆ ಗೆರೆ ಎಳೆದಿದ್ದೆ.

ದೊಡ್ಡ ಮನೆತನದ ಮೂಲಪುರುಷನಿಗೆ ನಾಲ್ವರು ಗಂಡುಮಕ್ಕಳು ಎಂದು ಎಲ್ಲರೂ ಹೇಳಿದರು. ಅಧ್ಯಕ್ಷರು ಎರಡನೆಯವನ ಮೊಮ್ಮಗ. ನಾಲ್ಕನೆಯವನನ್ನು ಇಲ್ಲಿ ಬಸಪ್ಪ ಎಂದು ಕರೆಯುತ್ತೇನೆ. ಬಸಪ್ಪನ ಕಡೆಯವರೆಂದರೆ ಅವನ ಸೊಸೆ ಮತ್ತು ಅವಳ ಇಬ್ಬರು ಗಂಡುಮಕ್ಕಳು. ಊರೆಲ್ಲ ಆಕೆಯನ್ನು ಆಯಿ ಅನ್ನುತ್ತಿತ್ತು, ನಾನೂ ಹಾಗೇ ಅಂದೆ. ಎಂಬತ್ತು ದಾಟಿದ, ಬಾಗದ ಬೆನ್ನಿನ ಮುದುಕಿ. ಮಕ್ಕಳಿಗೆ ಒಂದಿಷ್ಟು ಕುರಿ, ಮನೆತನದ ಹಳೆಯ ಹೊಲದಲ್ಲಿ ಎರಡು ಎಕರೆ ಸಾಗುವಳಿ. ಹೊಲದ ಉತಾರಿಯಲ್ಲಿ ಮನೆಯ ಹಿರಿಯರೆಂದು ಅಧ್ಯಕ್ಷರ ತಂದೆಯ ಹೆಸರೊಂದೇ ಇತ್ತು. ಉಳಿದದ್ದೆಲ್ಲ ಬಾಯಿಮಾತಿನ ಮೇಲೆ ನಡೆದುಕೊಂಡು ಬಂದಿತ್ತು.

ಆಯಿ ನನ್ನನ್ನು ಆ ಹೊಲಕ್ಕೆ ಕರೆದುಕೊಂಡು ಹೋದಳು. ರಸ್ತೆಗೆ ಹತ್ತಿದ ಮೂಲೆಯಲ್ಲಿ ಮನೆತನದವರನ್ನು ಹೂಳುವ ಜಾಗ. ಯಾವುದಕ್ಕೂ ಕಲ್ಲಿಲ್ಲ, ಹೆಸರಿಲ್ಲ. ಮಣ್ಣು ತುಸು ಉಬ್ಬಿದೆ, ಅಷ್ಟೇ.

“ಇಲ್ಲಿ ನಮ್ಮ ಮಾವ. ಇಲ್ಲಿ ಅತ್ತಿ. ಇಲ್ಲಿ ನನ್ನ ಗಂಡ,” ಎಂದು ಕಾಲಿನಿಂದ ಮುಟ್ಟದೆ ಕೋಲಿನಿಂದ ತೋರಿಸಿದಳು. ಆಮೇಲೆ ಪಕ್ಕದ ಸಪಾಟು ಜಾಗ ತೋರಿಸಿ, “ಇದು ನಂದ್ರಿ, ಬಾಯಾರ. ಹುಡುಗೂರಿಗೆ ಹೇಳಿಟ್ಟೇನಿ,” ಎಂದಳು. ಬೇರೆಯವರು ಮನೆಯಲ್ಲಿ ತಮ್ಮ ಖೋಲಿ ತೋರಿಸುವ ಹಾಗೆ.

ಆ ತಿಂಗಳಲ್ಲೇ ಹೆಳವ ಬಂದ. ನಮ್ಮ ಕಡೆ ಮನೆತನಗಳ ವಂಶಾವಳಿ ಇಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು ಹಾಡಿ, ಕಾಳು ಪಡೆದು ಹೋಗುವವರು ಇವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರಂತೆ. ಈತ ಬಂದದ್ದು ಮೋಟರ್ ಸೈಕಲ್ ಮೇಲೆ. ಅಧ್ಯಕ್ಷರ ಮನೆಯ ಕಟ್ಟೆಯಲ್ಲೇ ಕೂತು, ಕಣ್ಣು ಮುಚ್ಚಿ, ಮೂಲಪುರುಷನಿಂದ ಇಳಿದು ನಾಲ್ಕನೆಯ ಮಗ ಬಸಪ್ಪ, ಬಸಪ್ಪನ ಮಗ, ಅವನ ಇಬ್ಬರು ಮಕ್ಕಳು ಎಂದು ಎಲ್ಲಿಯೂ ತಡವರಿಸದೆ ಹೇಳಿದ. ಪುಸ್ತಕ ತೋರಿಸು ಎಂದೆ. ಬಾಲ್‌ಪೆನ್ನಿನಲ್ಲಿ ಬರೆದ ಹೊಸ ನೋಟ್‌ಬುಕ್ಕು.

“ಹಳೇದ ಎಲ್ಲೈತಿ?”

“ಹಳೇದ ನಮ್ಮಪ್ಪನ ತೆಲ್ಯಾಗ ಇತ್ರಿ. ಅಂವ ಹೇಳಿದ್ದ ನಾ ಬರಕೊಂಡೇನಿ.”

ನಾನು ನಕ್ಕು, ‘ಮೌಖಿಕ, ದಾಖಲೆ ಇಲ್ಲ’ ಎಂದು ಬರೆದುಕೊಂಡೆ.

ಶಾಲೆಯ ರಜಿಸ್ಟರು ಸಿಕ್ಕಿದ್ದು ಅದಾದ ಮೇಲೆ. ಹೆಡ್ ಮಾಸ್ತರು ಕಪಾಟಿನ ತಳದಿಂದ ತೆಗೆದುಕೊಟ್ಟ ದಪ್ಪ ಪುಸ್ತಕದ ಅಕ್ಷರ ಮುತ್ತಿನಂತಿತ್ತು. ಮೊದಲ ಪುಟದಲ್ಲೇ ‘ಮೂಲ ರಜಿಸ್ಟರಿಗೆ ಗೆದ್ದಲು ಹಿಡಿದ ಕಾರಣ ನಕಲು ಮಾಡಿದೆ’ ಎಂಬ ಟಿಪ್ಪಣಿ ಇತ್ತು. ಓದಿದೆ, ಮುಂದೆ ಹೋದೆ. ಬಸಪ್ಪನ ಸಾಲು ಸಿಕ್ಕಿತು. ತಂದೆ ಅಥವಾ ಪಾಲಕ ಎನ್ನುವ ಕಾಲಮಿನಲ್ಲಿ ಮೂಲಪುರುಷನ ಹೆಸರು. ಬಲತುದಿಯ ಷರಾ, ಅಂದರೆ ಟಿಪ್ಪಣಿಯ, ಕಾಲಮಿನಲ್ಲಿ, ‘ಸಾಕಿದ ಮಗ. ಮೂಲ ಜತ್ತ ಕಡೆಯವನು.’

ನಾಚಿಕೆಯ ಸಂಗತಿಯಾದರೂ ಹೇಳಬೇಕು. ನನಗೆ ಸಂತೋಷವಾಯಿತು. ಊರಿನಲ್ಲಿ ಯಾರಿಗೂ ಗೊತ್ತಿಲ್ಲದ್ದು, ಹೆಳವನ ಹಾಡಿನಲ್ಲೂ ಇಲ್ಲದ್ದು, ನನಗೆ ಸಿಕ್ಕಿತ್ತು. ಫೋನಿನಲ್ಲಿ ಆ ಪುಟದ ಫೋಟೋ ತೆಗೆದುಕೊಂಡೆ.

ಬರೆಯುವ ಮೊದಲು ಆಯಿಯನ್ನು ಕೇಳಬೇಕು ಅನ್ನಿಸಿತು. ಅಷ್ಟು ಮರ್ಯಾದೆ ನನ್ನಲ್ಲಿತ್ತು. ಆಕೆ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ತಟ್ಟುವ ಕೈ ನಿಲ್ಲಲಿಲ್ಲ.

“ಯಾರ ಬರದಾರ ಅದನ್ನ?”

“ಆಗಿನ ಮಾಸ್ತರ್ರು ಬರದಾರ, ಆಯಿ.”

“ನಾ ಮದಿವ್ಯಾಗಿ ಬಂದಾಗ ನಮ್ಮ ಮಾವನ ಅವ್ವ ಇನ್ನೂ ಜೀವಂತ ಇದ್ಲು. ಕಣ್ಣ ಕಾಣತಿದ್ದಿಲ್ಲ. ದೊಡ್ಡಮನಿ ನಡುವಿನ ಖೋಲಿಗೆ ಕೈ ಹಿಡದ ಕರಕೊಂಡ ಹೋಗಿ, ‘ಇಲ್ಲಿ ಹಡದೇನಿ ನೋಡ ನಿನ್ನ ಮಾವನ್ನ, ಮೂರ ದಿನ ತ್ರಾಸ ತಗೊಂಡ,’ ಅಂದ್ಲು. ಹಡದಾಕಿ ಹೇಳ್ಯಾಳ. ಮಾಸ್ತರ ಹಡದಾನೇನು?”

ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಕೆ ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಮೊದಲ ಸಲ ನನ್ನ ಕಡೆ ನೋಡಿದಳು.

“ಬಾಯಾರ, ಅದೊಂದ ಮಾತ ಬರೀಬ್ಯಾಡ್ರಿ.”

“ಸಾಕಿದ ಮಗ ಅಂದ್ರ ಕಡಿಮಿ ಏನಲ್ಲ, ಆಯಿ. ಚರಿತ್ರೆ ಅಂದಮ್ಯಾಲೆ ಇದ್ದದ್ದ ಬರೀಬೇಕಾಕ್ಕೈತಿ,” ಎಂದೆ. ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ.

ಕರಡು ಮುಗಿದಾಗ ಒಂದು ಪ್ರತಿಯನ್ನು ಅಧ್ಯಕ್ಷರಿಗೆ ಕೊಟ್ಟೆ. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯ ಪ್ರೆಸ್ಸಿನಲ್ಲಿ ಕೂತು ಅವರು ಮನೆತನಗಳ ಅಧ್ಯಾಯವನ್ನಷ್ಟೇ ತೆಗೆದು ಓದಿದರು. ಒಂದು ಪುಟದ ತುದಿ ಮಡಚಿದರು. “ಭಾಳ ಅಭ್ಯಾಸ ಮಾಡೀರಿ, ಮೇಡಮ್ಮರ,” ಎಂದು ಎದ್ದರು. ತಮ್ಮ ಮನೆತನದ ಬಗ್ಗೆ ಇಂಥದ್ದನ್ನು ಬರೆದರೂ ಸಿಟ್ಟಾಗದ ಮನುಷ್ಯ ಎಂದು ಮನೆಗೆ ಬಂದು ಹೇಳಿಕೊಂಡೆ.

ವಾರದೊಳಗೆ ಊರಿಗೆ ಕರೆ ಬಂತು. ಶಾಲೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಪುಸ್ತಕದ ಸಭೆ ಇರಬೇಕು ಅಂದುಕೊಂಡು ಹೋದೆ. ಹಿರಿಯರು ಹತ್ತು ಹನ್ನೆರಡು ಜನ, ಒಂದು ಬದಿಗೆ ಆಯಿಯ ಇಬ್ಬರು ಮಕ್ಕಳು, ಕಂಬಕ್ಕೆ ಆತು ಕೂತ ಆಯಿ. ನನಗೊಬ್ಬಳಿಗೆ ಕುರ್ಚಿ.

ಅಧ್ಯಕ್ಷರು ಮಡಚಿದ ಪುಟವನ್ನು ಬಿಡಿಸಿ, ನಾನು ಬರೆದ ವಾಕ್ಯವನ್ನು ಓದಿದರು. ಆಮೇಲೆ, ರಸ್ತೆಯ ಪಕ್ಕದ ಹೊಲದಲ್ಲಿ ಒಣದ್ರಾಕ್ಷಿಯ ಶೆಡ್ ಹಾಕಬೇಕೆಂದಿರುವುದಾಗಿ ಹೇಳಿದರು. ಅಣ್ಣತಮ್ಮಂದಿರ ಹೊಲವೆಂದು ಇಷ್ಟು ದಿನ ಸುಮ್ಮನಿದ್ದೆ, ಅಣ್ಣತಮ್ಮಂದಿರೇ ಅಲ್ಲ ಅಂದಮೇಲೆ ಎರಡು ಎಕರೆ ಬಿಟ್ಟುಕೊಡಬೇಕು ಎಂದರು. ದನಿ ಏರಲಿಲ್ಲ. ಪುಸ್ತಕ ಓದಿ ಅವರಿಗೇಕೆ ಸಿಟ್ಟು ಬಂದಿರಲಿಲ್ಲವೆಂದು ನನಗೆ ಆಗ ತಿಳಿಯಿತು.

ಆಯಿಯ ಹಿರಿಮಗ ಎದ್ದು ನಿಂತ. “ಹೆಳವ ನಿಮ್ಮ ಕಟ್ಟಿ ಮ್ಯಾಲೆ ಕುಂತ ಹೇಳ್ಯಾನಲ್ರಿ, ಅಣ್ಣಾರ. ನಾಕನೇದಾಂವ ಅಂತ.”

“ಹೆಳವಗ ಕಾಳ ಹಾಕಿದ್ರ ಯಾರನ್ನರ ಸೇರಸ್ತಾನ. ಇಲ್ಲೆ ಕಾಲೇಜದಾಗ ಇತಿಹಾಸ ಕಲಿಸಿದವ್ರ ಕುಂತಾರ, ಅವರನ್ನ ಕೇಳೂಣು,” ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. “ಮೇಡಮ್ಮರ, ನೀವ ಬರದದ್ದು ಖರೇ ಐತೋ ಇಲ್ಲೋ? ಅಷ್ಟ ಹೇಳ್ರಿ ಸಾಕು.”

ಹೇಳಬಹುದಾದ ಮಾತುಗಳು ಎಷ್ಟೋ ಇದ್ದವು. ಅದು ಒಂದೇ ಕಡೆ ಸಿಕ್ಕ ಒಂದು ಸಾಲು, ಅದೂ ನಕಲಿನಲ್ಲಿ. ಹಡೆದವಳು ತೋರಿಸಿದ ಖೋಲಿಯ ಮಾತೂ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಪುಸ್ತಕಕ್ಕಾಗಿ ಬರೆದದ್ದನ್ನು ಹೊಲದ ವ್ಯಾಜ್ಯಕ್ಕೆ ತರಬೇಡಿ ಎಂದು ಎದ್ದು ಹೋಗಬಹುದಿತ್ತು. ಆದರೆ ಅಷ್ಟು ಜನರ ಎದುರಿಗೆ ನನ್ನ ಅಭ್ಯಾಸವನ್ನು ನಾನೇ ಅನುಮಾನಿಸುವುದು ನನ್ನಿಂದ ಆಗಲಿಲ್ಲ. ಹೊಲ ಯಾರದ್ದು ಎಂದು ನಾನು ಹೇಳುತ್ತಿಲ್ಲ, ದಾಖಲೆಯಲ್ಲಿ ಇರುವುದನ್ನಷ್ಟೇ ಹೇಳುತ್ತಿದ್ದೇನೆ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಂಡೆ.

“ದಾಖಲೆದಾಗ ಹಂಗ ಐತ್ರಿ,” ಎಂದೆ.

ಹಿರಿಮಗ ಕೂತುಕೊಂಡ. ಆಯಿ ಕಂಬ ಹಿಡಿದು ಎದ್ದು, ಸೆರಗು ಸರಿಮಾಡಿಕೊಂಡು, ನನ್ನ ಕುರ್ಚಿಯ ಪಕ್ಕದಲ್ಲೇ ಹಾದು ಹೋದಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನದಲ್ಲಿ ಮರೆತುಹೋಗುತ್ತಿತ್ತೇನೋ.

ಹುಡುಗರು ಕೋರ್ಟಿಗೆ ಹೋಗುತ್ತಾರೆ, ಅಲ್ಲಿ ಸರಿಯಾಗುತ್ತದೆ ಅಂದುಕೊಂಡಿದ್ದೆ. ಅವರು ಹೋಗಲಿಲ್ಲ. ಅಜ್ಜನ ಹುಟ್ಟನ್ನು ಊರ ನಡುವೆ ಬಿಚ್ಚಿಟ್ಟು ವಾದ ಮಾಡುವ ಮನಸ್ಸು ಅವರಿಗಿರಲಿಲ್ಲ. ತಿಕೋಟಾಕ್ಕೆ ಹೋಗಿ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿದರು. ಕುರಿ ಹೊಡೆದುಕೊಂಡು ಇಟ್ಟಂಗಿಹಾಳದ ಕಡೆ ಹೋದರು ಎಂದು ಹೆಡ್ ಮಾಸ್ತರು ಫೋನಿನಲ್ಲಿ ಹೇಳಿದರು. ಮನೆಯನ್ನೂ ಬಿಟ್ಟರೇ ಎಂದು ಕೇಳಿದೆ. “ಇರ್ರಿ ಅಂದ್ರ ಇರತಿದ್ರೇನೋ. ಯಾರೂ ಅನ್ನಲಿಲ್ಲ,” ಎಂದರು.

ನಾನು ಕೆಲಸ ನಿಲ್ಲಿಸಲಿಲ್ಲ. ಇದನ್ನೂ ಹೇಳಲೇಬೇಕು. ಪ್ರೂಫು ತಿದ್ದಿದೆ, ಮುದ್ರಣಕ್ಕೆ ಒಪ್ಪಿಗೆ ಕೊಟ್ಟೆ. ಶಾಲೆಯ ಅಧ್ಯಾಯಕ್ಕೆ ಒಂದು ಚಿತ್ರ ಮಾತ್ರ ಬಾಕಿ ಇತ್ತು, ಅದನ್ನು ಕೊನೆಗೆ ಬೇರೆ ಹಾಳೆಯಾಗಿ ಸೇರಿಸುವುದಿತ್ತು. ಊರಿನಿಂದ ಮೊದಲು ಮುಲ್ಕಿ, ಅಂದರೆ ಆಗಿನ ಏಳನೆಯ ತರಗತಿಯ ಪರೀಕ್ಷೆ, ಪಾಸಾದ ಹುಡುಗನ ಶಾಲಾ ದಾಖಲೆ. ರಜಿಸ್ಟರಿನಲ್ಲಿ ಬಸಪ್ಪನ ಕೆಳಗಿನ ಸಾಲಿನ ಹುಡುಗನ ಮುಂದೆ ‘ಮುಲ್ಕಿಗಾಗಿ ಬಬಲೇಶ್ವರ ಶಾಲೆಗೆ’ ಎಂಬ ಷರಾ ಇತ್ತು. ಅವನ ಹೆಸರು ಬರೆದುಕೊಂಡು ಬಬಲೇಶ್ವರಕ್ಕೆ ಹೋದೆ.

ಆ ಶಾಲೆಯ ಗುಮಾಸ್ತರು ಒಳ್ಳೆಯವರು. ಬೇರೆ ಊರುಗಳಿಂದ ಬಂದ ಮಕ್ಕಳ ದಾಖಲೆಗಳನ್ನು ಊರುವಾರು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಗಂಟುಗಳನ್ನು ಇಳಿಸಿದರು. ನಾವಿಬ್ಬರೂ ಧೂಳು ಕುಡಿಯುತ್ತ ಒಂದೊಂದೇ ಕಾಗದ ಬಿಡಿಸಿದೆವು. ನಾನು ಹುಡುಕುತ್ತಿದ್ದ ಹುಡುಗ ಇರಲಿಲ್ಲ. ಮೂರನೆಯ ಗಂಟಿನಲ್ಲಿ ಗುಮಾಸ್ತರು ಒಂದು ಕಾಗದ ಹಿಡಿದು, “ನಿಮ್ಮ ಊರಿಂದ ಆ ವರ್ಷ ಬಂದಾಂವ ಒಬ್ಬನ ಅದಾನ್ರಿ. ಬಸಪ್ಪ ಅಂತ,” ಎಂದರು.

ಮೂಲ ರಜಿಸ್ಟರು ಇನ್ನೂ ಗಟ್ಟಿಯಿದ್ದ ಕಾಲದಲ್ಲಿ, ಅದನ್ನು ನೋಡಿಯೇ ಬರೆದುಕೊಟ್ಟ ದಾಖಲೆ ಅದು. ತಂದೆಯ ಹೆಸರು ಅದೇ. ‘ಪಾಲಕ’ ಎಂಬ ಶಬ್ದಕ್ಕೆ ಅಡ್ಡಗೆರೆ ಎಳೆದು ‘ತಂದೆ’ ಎಂಬುದನ್ನು ಉಳಿಸಿದ್ದರು. ಹುಟ್ಟಿದ ಊರು ಅದೇ ಊರು. ಷರಾ ಎಂಬಲ್ಲಿ, ‘ಮುಲ್ಕಿಗಾಗಿ ಬಬಲೇಶ್ವರ ಶಾಲೆಗೆ.’

ನಕಲಿನಲ್ಲಿ ಕೆಳಗಿನ ಸಾಲಿನಲ್ಲಿದ್ದ ಷರಾ ಇವನದ್ದು. ಹಾಗಿದ್ದರೆ ಇವನ ಮುಂದಿದ್ದ ಷರಾ ಯಾರದ್ದು?

ಅಲ್ಲೇ ಬೆಂಚಿನ ಮೇಲೆ ಕೂತು ಫೋನಿನಲ್ಲಿದ್ದ ಫೋಟೋ ತೆರೆದೆ. ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿಯಾಗಿ ಓದಿದ್ದು ಅದೇ ಮೊದಲು. ಅಷ್ಟು ದಿನ ನಾನು ಓದಿದ್ದದ್ದು ಬೇಕಾದ ಒಂದೆರಡು ಸಾಲುಗಳನ್ನು ಮಾತ್ರ. ಪುಟದ ನಡುವೆ ಒಬ್ಬ ಹುಡುಗನ ಮುಂದೆ ‘ಕನ್ಯಾ ಶಾಲೆಗೆ ವರ್ಗ’ ಎಂದು ಬರೆದಿತ್ತು. ಅವನ ಮೇಲಿನ ಸಾಲಿನಲ್ಲಿ ಒಬ್ಬ ಹುಡುಗಿ. ಇನ್ನೂ ಮೇಲೆ, ಇನ್ನೊಬ್ಬನ ಮುಂದೆ ‘ಹೆಸರು ರದ್ದು’, ಆದರೆ ಆ ಹೆಸರಿಗೆ ಅಡ್ಡಗೆರೆಯೇ ಇಲ್ಲ. ಆಗಿದ್ದು ಇಷ್ಟು. ನಕಲು ಮಾಡಿದವರು ಸಾಲು ಸಾಲಾಗಿ ಬರೆದಿರಲಿಲ್ಲ. ಮೊದಲು ಹೆಸರುಗಳನ್ನೆಲ್ಲ ಬರೆದು, ಆಮೇಲೆ ಷರಾಗಳನ್ನು ಬರೆದಿದ್ದರು. ಹೆಸರು ಬರೆಯುವಾಗ ರದ್ದಾದ ಒಂದು ಹೆಸರನ್ನು ಬಿಟ್ಟಿದ್ದರು. ಷರಾ ಬರೆಯುವಾಗ ಅದರ ಮುಂದಿನ ‘ಹೆಸರು ರದ್ದು’ ಎಂಬುದನ್ನು ಬಿಡಲಿಲ್ಲ. ಅಲ್ಲಿಂದ ಕೆಳಗೆ ಎಲ್ಲರ ಷರಾವೂ ಒಂದೊಂದು ಸಾಲು ಜಾರಿತ್ತು. ಜತ್ತದ ಕಡೆಯಿಂದ ಬಂದ ಸಾಕುಮಗ ಬಸಪ್ಪನ ಮೇಲಿನ ಸಾಲಿನವನು. ಅವನ ಪಾಲಕ ಊರಿನ ಒಬ್ಬ ಅಂಗಡಿಕಾರ, ಈಗ ಆ ಮನೆತನದವರೇ ಊರಿನಲ್ಲಿಲ್ಲ.

“ನೀರ ಬೇಕೇನ್ರಿ?” ಎಂದು ಗುಮಾಸ್ತರು ಕೇಳಿದರು. ಬೇಡ ಎಂದೆ. ದಾಖಲೆಯ ಮೂರು ಝೆರಾಕ್ಸ್ ಮಾಡಿಸಿಕೊಂಡು ಬಸ್ಸು ಹತ್ತಿದೆ.

ಅಧ್ಯಕ್ಷರು ಝೆರಾಕ್ಸನ್ನೂ ಫೋನಿನ ಫೋಟೋವನ್ನೂ ನೋಡಿದರು. ನಾನು ಬೆರಳಿಟ್ಟು ಸಾಲು ತೋರಿಸಿದೆ. ಅವರಿಗೆ ಅರ್ಥವಾಯಿತು, ಅರ್ಥವಾದದ್ದನ್ನು ಮುಚ್ಚಿಡಲೂ ಇಲ್ಲ.

“ಪುಸ್ತಕ ಅಚ್ಚಾಗಿ ಬಂದಾವು, ಮೇಡಮ್ಮರ. ಶೆಡ್ಡಿನ ಕಂಬಾನೂ ನಿಂತಾವು. ಅವರ ಮನಸಾರೆ ಸಹಿ ಮಾಡ್ಯಾರ. ಈಗ ಯಾಕ?”

“ಒಂದು ತಿದ್ದುಪಡಿ ಚೀಟಿ ಅಂಟಸ್ರಿ ಪುಸ್ತಕದಾಗ.”

“ನೀವ ಅಲ್ರೇನು ಸಭಾದಾಗ ಹೇಳಿದವ್ರು? ನಾ ಏನರ ನನ್ನ ಬಾಯಿಲೆ ಹೇಳಿದೆ?”

ಹೇಳಿರಲಿಲ್ಲ. ಅವರು ಒಂದು ಸುಳ್ಳನ್ನೂ ಆಡಿರಲಿಲ್ಲ. ಹಾಗಾದರೆ ಪುಸ್ತಕದಿಂದ ನನ್ನ ಹೆಸರು ತೆಗೆಯಿರಿ ಎಂದೆ. ಅದಕ್ಕೆ ಕೂಡಲೇ ಒಪ್ಪಿದರು. ಮುಖಪುಟ ಬದಲಾಯಿಸಿ, ‘ಸಮಿತಿಯ ಪ್ರಕಟಣೆ’ ಎಂದು ಹಾಕಿಸಿದರು. ದೊಡ್ಡದೇನೋ ಮಾಡಿದೆ ಎಂದು ಎರಡು ದಿನ ತಲೆ ಎತ್ತಿಕೊಂಡು ಓಡಾಡಿದೆ. ನನ್ನ ಹೆಸರು ಹೋಗಿದ್ದರಿಂದ ಆದದ್ದೇನೆಂದರೆ, ಆ ಸುಳ್ಳಿನ ಬಗ್ಗೆ ಕೇಳೋಣವೆಂದರೆ ಈಗ ಅದನ್ನು ಬರೆದವರೇ ಇಲ್ಲ. ಪುಸ್ತಕ ಊರಿನ ಮನೆಮನೆಯಲ್ಲಿದೆ.

ಝೆರಾಕ್ಸ್ ಹಿಡಿದುಕೊಂಡು ಇಟ್ಟಂಗಿಹಾಳಕ್ಕೆ ಹೋದೆ. ಊರ ಹೊರಗೆ, ಯಾರದೋ ಹೊಲದ ಬದುವಿನಲ್ಲಿ ತಗಡಿನ ಗುಡಿಸಲು. ಹಿರಿಮಗ ಕುರಿಗೆ ಔಷಧ ಹಾಕುತ್ತಿದ್ದ. ಆಯಿ ಹೊರಸಿನ ಮೇಲೆ ಕೂತಿದ್ದಳು. ಬೆನ್ನು ಬಾಗಿತ್ತು.

ನಾನು ಎಲ್ಲವನ್ನೂ ಹೇಳಿದೆ. ನಕಲು, ಷರಾ, ಜಾರಿದ ಸಾಲು. ಆಕೆ ಕಾಗದವನ್ನು ಕೈಯಲ್ಲಿ ಹಿಡಿದು ಕೇಳಿಸಿಕೊಂಡಳು. ಮುಗಿದ ಮೇಲೆ ಕೇಳಿದಳು.

“ಆವತ್ತ ನಾ ಹೇಳಿದ್ದನ್ನ ಈ ಕಾಗದ ಈಗ ಹೇಳತೈತೇನ್ರಿ?”

“ಹೌದು, ಆಯಿ.”

“ನಾ ಹೇಳಿದಾಗ ಸುಳ್ಳಿತ್ತು.”

ಕೋರ್ಟಿಗೆ ಹೋಗುವುದಾದರೆ ನಾನೇ ಬಂದು ಸಾಕ್ಷಿ ಹೇಳುತ್ತೇನೆ ಎಂದೆ. ಹಿರಿಮಗ ತಲೆ ಎತ್ತದೆ ಉತ್ತರ ಕೊಟ್ಟ. “ವಕೀಲರನ್ನ ಕೇಳೇವ್ರಿ. ನಾವ ಕೊಟ್ಟ ಕಾಗದ ನಾವ ಮುರೀಬೇಕಂದ್ರ ವರ್ಷಗಟ್ಟಲೆ ಅಂತ. ಆಯಿ ಅಲ್ಲೀತನಕ ಇರತಾಳೇನು?” ಇನ್ನೊಂದು ಕುರಿಯನ್ನು ಎಳೆದುಕೊಂಡು, “ಸಾಕ್ಷಿ ನೀವ ಒಮ್ಮೆ ಹೇಳೀರಲ್ಲ,” ಎಂದ.

ಹೊರಡಲು ಎದ್ದಾಗ ಆಯಿ ನನ್ನ ಕೈ ಹಿಡಿದಳು. “ಒಂದ ಕೆಲಸ ಮಾಡ್ತೀರೇನು? ಹೊಲದ ಮೂಲ್ಯಾಗ ನನ್ನ ಗಂಡಂದು ಹೆಂಗೈತಿ, ಒಂದೀಟ ನೋಡಿಕೊಂಡ ಬರ್ರಿ. ಹುಡುಗೂರ ಆ ಕಡೆ ಹಾಯಂಗಿಲ್ಲ ಅಂತಾರ.”

ಮಾರನೆಯ ದಿನವೇ ಹೋದೆ. ದ್ರಾಕ್ಷಿಯ ಸುಗ್ಗಿ. ಶೆಡ್ಡಿನ ಸುತ್ತ ಹಸಿರು ಬಲೆ, ಒಳಗೆ ಹತ್ತು ಹನ್ನೆರಡು ಅಂತಸ್ತಿನ ಜಾಳಿಗೆಯ ಮೇಲೆ ಹರವಿದ ದ್ರಾಕ್ಷಿ, ಮೂಗಿಗೆ ಹತ್ತುವ ಗಂಧಕದ ಘಾಟು. ಹೂಳಿದ ಜಾಗವನ್ನು ಕೆಡಿಸಿರಲಿಲ್ಲ. ಅಧ್ಯಕ್ಷರ ಹಿರಿಯರೂ ಅಲ್ಲೇ ಇದ್ದಾರಲ್ಲ. ಅವರ ಕಡೆಯ ದಿಬ್ಬಗಳ ಸುತ್ತ ಹೊಸ ಕಟ್ಟೆ ಕಟ್ಟಿಸಿ ಸುಣ್ಣ ಬಳಿಸಿದ್ದರು. ಬಸಪ್ಪನ ಕಡೆಯ ಮೂರು ದಿಬ್ಬಗಳು ಕಟ್ಟೆಯ ಹೊರಗೆ ಉಳಿದಿದ್ದವು. ಅವುಗಳ ಮೇಲೆ ಖಾಲಿ ಪ್ಲಾಸ್ಟಿಕ್ ಕ್ರೇಟುಗಳನ್ನು ಆಳೆತ್ತರ ಒಟ್ಟಿದ್ದರು. ಕೆಲಸದ ಹೆಂಗಸರು ಬಂದು ಎತ್ತಿಕೊಂಡು ಹೋಗುವುದು, ತಂದು ಒಗೆಯುವುದು ನಡೆದೇ ಇತ್ತು. ಆಯಿ ತನ್ನದೆಂದು ತೋರಿಸಿದ್ದ ಸಪಾಟು ಜಾಗದಲ್ಲಿ ನೀರಿನ ಟಾಕಿ ಕೂತಿತ್ತು.

ಸ್ವಲ್ಪ ಹೊತ್ತು ನಿಂತಿದ್ದು, ವಾಪಸು ಇಟ್ಟಂಗಿಹಾಳಕ್ಕೆ ಹೋದೆ.

“ಐತೇನ್ರಿ?” ಎಂದು ಆಯಿ ದೂರದಿಂದಲೇ ಕೇಳಿದಳು.

“ಐತಿ, ಆಯಿ.”

“ಮ್ಯಾಲೆ ಏನರ ಇಟ್ಟಾರೇನು?”

“ಇಲ್ಲ,” ಎಂದೆ. “ಸ್ವಚ್ಛ ಐತಿ. ಸುತ್ತ ಕಟ್ಟಿ ಕಟ್ಟಸ್ಯಾರ.”

ಆಯಿ ತುಸು ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಆತು ಎನ್ನುವ ಹಾಗೆ ತಲೆ ಆಡಿಸಿ, ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಮಾತಿಗೆ ಆಕೆ ಯಾವ ದಾಖಲೆಯನ್ನೂ ಕೇಳಲಿಲ್ಲ.